ಮುಂದಿನ ಭಾಗ ಬೇಕೇ ಎಂಬ ಪ್ರಶ್ನೆಗೆ

ಮಾನ್ಯರೇ, ಗೆದ್ದ ಅನಿಮೇಷನ್ ಚಿತ್ರಕ್ಕೆ ಮುಂದಿನ ಭಾಗ ತೆಗೆಯುವುದು ಬರೀ ದುಡ್ಡಿನಾಸೆಯಲ್ಲವೇ ಎಂದು ಕೇಳಿ, ಹುಡುಗಿಯೊಬ್ಬಳ ಮನಸ್ಸಿನ ಭಾವಗಳೇ ಪಾತ್ರಗಳಾದ ‘ಇನ್‌ಸೈಡ್ ಔಟ್’ ಚಿತ್ರವನ್ನು ಉದಾಹರಿಸಿದ್ದೀರಿ. ದುಡ್ಡಿನಾಸೆ ಇದ್ದೇ ಇರುತ್ತದೆ. ನಾನು ನೋಡುವುದು ಕಥೆಯೊಳಗೆ ಕಾಲ ಸರಿದಿದೆಯೇ ಎಂಬುದನ್ನು. 1995ರ ‘ಟಾಯ್ ಸ್ಟೋರಿ’ಯಲ್ಲಿ ಗೊಂಬೆಗಳೊಡನೆ ಆಡುತ್ತಿದ್ದ ಆಂಡಿ, 2010ರ ಮೂರನೆಯ ಭಾಗದಲ್ಲಿ ಕಾಲೇಜಿಗೆ ಹೊರಟು ನಿಂತಿರುತ್ತಾನೆ. ಗೊಂಬೆಗಳನ್ನೆಲ್ಲ ಪುಟ್ಟ ಹುಡುಗಿಯೊಬ್ಬಳಿಗೆ ಒಪ್ಪಿಸುವಾಗ, ಆಕೆ ಅವನ ಅಚ್ಚುಮೆಚ್ಚಿನ ಗೊಂಬೆ ವುಡಿಯತ್ತ ಕೈಚಾಚಿದೊಡನೆ ಅವನು ಅರಿವಿಲ್ಲದೆ ಅದನ್ನು ಹಿಂದಕ್ಕೆ ಎಳೆದುಕೊಳ್ಳುವ ಆ ಕ್ಷಣವನ್ನು, ಮುಂಬಯಿಯ ಮುಲುಂಡಿನ ಚಿತ್ರಮಂದಿರದಲ್ಲಿ, ಪುಣೆಯ ಹಾಸ್ಟೆಲಿಗೆ ಹೊರಡಲಿದ್ದ ಮಗನ ಪಕ್ಕದಲ್ಲಿ ಕುಳಿತು ನೋಡಿದ ನನಗೆ, ಈ ಭಾಗ ಏಕೆ ಬೇಕಿತ್ತು ಎಂದು ಕೇಳುವ ಮನಸ್ಸೇ ಬರಲಿಲ್ಲ. 2019ರ ನಾಲ್ಕನೆಯದು ಮಾತ್ರ, ಎಷ್ಟೇ ಅಚ್ಚುಕಟ್ಟಾಗಿದ್ದರೂ, ಊಟ ಮುಗಿಸಿ ಎದ್ದವರಿಗೆ ಮತ್ತೆ ಎಲೆ ಹಾಕಿದಂತೆ ಕಂಡಿತು.

‘ಇನ್‌ಕ್ರೆಡಿಬಲ್ಸ್’ ಚಿತ್ರ 2004ರ ನಂತರ ಎರಡನೆಯ ಭಾಗಕ್ಕೆ ಹದಿನಾಲ್ಕು ವರ್ಷ ಕಾಯಿಸಿದರೂ, ಕಥೆ ನಿಂತಲ್ಲಿಂದಲೇ ಮುಂದುವರಿಯಿತು. ಚಿತ್ರಿಸಿದ ಮುಖಗಳಿಗೆ ವಯಸ್ಸಾಗುವುದಿಲ್ಲವೆಂಬ ಸೌಲಭ್ಯವೇ (ನಮ್ಮ ನಾಯಕನಟರಿಗೂ ಇದು ಬೇಕು!) ಇಲ್ಲಿ ಅಪಾಯವೂ ಹೌದು.

ನೀವು ಹೆಸರಿಸಿದ ‘ಇನ್‌ಸೈಡ್ ಔಟ್’ ಚಿತ್ರದ 2024ರ ಭಾಗದಲ್ಲಿ ಹುಡುಗಿಗೆ ಹದಿಮೂರು ತುಂಬಿ, ಆತಂಕವೆಂಬ ಹೊಸ ಭಾವ ಅವಳ ಮನಸ್ಸಿನ ಚುಕ್ಕಾಣಿ ಹಿಡಿಯುತ್ತದೆ. ಅದನ್ನು ದುಡ್ಡಿನಾಸೆಯ ಲೆಕ್ಕಕ್ಕೆ ನಾನು ಸೇರಿಸಲಾರೆ.