ಬೈಸಿಕೊಳ್ಳದೆ ಹಡೆಯಲಿಕ್ಕೆ ಆಗುವುದಿಲ್ಲವೇ?

ಶಹಾಪುರ ಕಡೆಯ ತಾಯಿಯೊಬ್ಬರು ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. "ದೊಡ್ಡ ಮಗಳ ಹೆರಿಗೆಯಲ್ಲಿ ಸಿಸ್ಟರ್ ಬೈದರಂತೆ, ತೊಡೆಗೆ ಹೊಡೆದರಂತೆ. ಅವಳು ಇನ್ನೂ ಅದನ್ನೇ ನೆನೆದು ಅಳುತ್ತಾಳೆ. ಬೈಯದಿದ್ದರೆ ಹೆರಿಗೆ ಬೇಗ ಆಗೋದು ಹೆಂಗೆ? ತಾಯಿ, ಕೂಸು ಆರಾಮಾಗಿ ಮನೆಗೆ ಬಂದರು, ಅಷ್ಟು ಸಾಲದೇ?"

ಸಂಪಾದಕರ ಉತ್ತರ:

ಸಾಲದು, ತಾಯಿ.

ಸಿಸ್ಟರ್‌ಗಳ ಕಷ್ಟ ನನಗೂ ಗೊತ್ತು. ರಾತ್ರಿ ಪಾಳಿಯಲ್ಲಿ ಒಬ್ಬರೇ ಮೂರ್ನಾಲ್ಕು ಹೆರಿಗೆ ನೋಡಬೇಕಾಗುತ್ತದೆ. ದಣಿವಿಗೆ ದನಿ ಏರುತ್ತದೆ, ಒಪ್ಪಿದೆ. ಕೈ ಏಳಬೇಕಾಗಿಲ್ಲ ಅಲ್ವಾ?

ನನ್ನ ಚೊಚ್ಚಲ ಹೆರಿಗೆ ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಆಯಿತು. ನೋವು ತಡೆಯದೆ "ಯವ್ವಾ" ಎಂದು ಒದರಿದೆ. "ಆಗ ಚಲೋ ಅನ್ನಿಸ್ತು, ಈಗ್ಯಾಕ ಒದರ್ತಿ?" ಎಂದರು ಒಬ್ಬರು. ಪಕ್ಕದಲ್ಲಿದ್ದವರು ನಕ್ಕರು. ಪರದೆ ಇರಲಿಲ್ಲ. ಅವ್ವ ಬಾಗಿಲಾಚೆ ನಿಂತಿದ್ದಳು, ಒಳಗೆ ಬಿಡಲಿಲ್ಲ. ಕೂಸು ಹುಟ್ಟಿದ ಮೇಲೆ ಆಯಾ ಕೈಚಾಚಿದಳು, ಹೆಣ್ಣು ಎಂದು ಸ್ವಲ್ಪ ಕಡಿಮೆ ಕೇಳಿದಳು. ಆ ಮಗಳಿಗೆ ಈಗ 22 ವರ್ಷ. ಹೊಲಿಗೆ ಎಷ್ಟು ಹಾಕಿದರೋ ನೆನಪಿಲ್ಲ. ಆ ನಗು ಇನ್ನೂ ಕಿವಿಯಲ್ಲಿದೆ.

ಬೈದರೆ ಹೆರಿಗೆ ಬೇಗ ಆಗುತ್ತದೆ ಅನ್ನೋದು ಸುಳ್ಳು. ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನ್ ಏರುತ್ತದೆ. ನೋವು ಬರಿಸುವ ಆಕ್ಸಿಟೋಸಿನ್‌ಗೆ ಅದು ಅಡ್ಡ ಬಂದು ಹೆರಿಗೆ ಇನ್ನೂ ನಿಧಾನ ಆಗಬಹುದು. ಹಳೆಯ ಸೂಲಗಿತ್ತಿಯರು ಈ ಹೆಸರುಗಳನ್ನು ಕೇಳಿರಲಿಲ್ಲ. ಆದರೂ ಬೆನ್ನು ನೀವುತ್ತಾ, ಮಾತಾಡಿಸುತ್ತಾ ಹಡೆಸುತ್ತಿದ್ದರು. ಪಾವಗಡದ ಸೂಲಗಿತ್ತಿ ನರಸಮ್ಮ ದುಡ್ಡು ಮುಟ್ಟದೆ 15,000ಕ್ಕೂ ಜಾಸ್ತಿ ಹೆರಿಗೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಎರಡು ಮಾತಿಲ್ಲ. ಆ ಬೆನ್ನು ನೀವುವ ಕೈಯೂ ಅಲ್ಲಿಗೆ ಬರಲಿ ಎಂದು ನಾನು ಕೇಳುತ್ತಿದ್ದೇನೆ.

ಹೆರಿಗೆ ವೇಳೆ ಬೈಯುವುದು, ಹೊಡೆಯುವುದು ಹೆಣ್ಣಿನ ಹಕ್ಕಿಗೇ ಧಕ್ಕೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿತು. ಹೊಟ್ಟೆ ಅದುಮಿ ಕೂಸನ್ನು ತಳ್ಳಬೇಡಿ ಎಂದು 2018ರಲ್ಲಿ ಹೇಳಿತು. ನಮ್ಮ ಕೇಂದ್ರ ಸರ್ಕಾರವೂ 2017ರಲ್ಲಿ ಲೇಬರ್ ರೂಮ್ ಸುಧಾರಿಸಲೆಂದೇ 'ಲಕ್ಷ್ಯ' ಯೋಜನೆ ತಂದಿತು. ಹೆಣ್ಣುಮಕ್ಕಳನ್ನು ಗೌರವದಿಂದ ನೋಡಬೇಕು ಅನ್ನೋದೂ ಅದರಲ್ಲಿದೆ.

ನನ್ನ ಸಿಟ್ಟು ಲೇಬರ್ ರೂಮಿಗೆ ಮುಗಿಯುವುದಿಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು. ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂತು. ಕಟ್ಟಡಗಳು ಎದ್ದವು. ಆದರೆ ಪುಣೆಯಲ್ಲಿ ಗಾರೆ ಕೆಲಸ ಮಾಡಿ, ದಿನ ತುಂಬಿ ಊರಿಗೆ ಬಂದ ತಾಂಡಾದ ಹೆಣ್ಣುಮಗಳಿಗೆ ಸಿಗುವ ಮೊದಲ ಮಾತು ಏನು? "ತಾಯಿ ಕಾರ್ಡ್ ಎಲ್ಲಿ? ಇಷ್ಟು ದಿನ ಎಲ್ಲಿ ಸತ್ತಿದ್ದಿ?" ರೇಷನ್ ಅಂಗಡಿಯಲ್ಲಿ ಬೈಗುಳ, ತಹಶೀಲ್ ಕಚೇರಿಯಲ್ಲಿ ಬೈಗುಳ. ಹಡೆದವ್ವ ಎಂದು ಅಷ್ಟು ಪ್ರೀತಿಯಿಂದ ಕರೆಯುವ ನಾವು, ಹಡೆಯುವ ಹೊತ್ತಿಗೂ ಅವಳನ್ನು ಬಿಡುವುದಿಲ್ಲ. ಬೈಸಿಕೊಂಡು ಬಾಳುವುದು ನಮಗೆ ಎಷ್ಟು ರೂಢಿಯಾಗಿದೆ ಎಂದರೆ, ಅಳುವ ಮಗಳ ತಾಯಿಯಾದ ನೀವೇ ಬೈದವರ ಪರ ಪತ್ರ ಬರೆದಿದ್ದೀರಿ. ಬೇಸರ ಮಾಡಿಕೊಳ್ಳಬೇಡಿ.

ಕಿರಿಯ ಮಗಳಿಗೆ ಶ್ರಾವಣದಲ್ಲಿ ದಿನ ತುಂಬುತ್ತದೆ ಎಂದಿದ್ದೀರಿ. ಹಡೆದ ಅನುಭವ ಇರುವ ಮನೆಯ ಹೆಣ್ಣುಮಗಳು ಸರ್ಕಾರಿ ಆಸ್ಪತ್ರೆಯ ಲೇಬರ್ ರೂಮಿನಲ್ಲಿ ಜೊತೆಗಿರಬಹುದು ಎಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಸೂಚನೆ ಕೊಟ್ಟಿದೆ. ಹೆಸರು ಬರೆಸುವಾಗಲೇ "ನಾನು ಒಳಗೆ ಬರ್ತೀನಿ" ಎಂದು ಹೇಳಿ. ಅವಳ ಬೆನ್ನು ನೀವೇ ನೀವಿ. ಒಳಗೆ ಬಿಟ್ಟರೋ ಇಲ್ಲವೋ, ನನಗೆ ಇನ್ನೊಂದು ಪತ್ರ ಬರೆಯಿರಿ.