ನ್ಯಾಸ್ ನಿಧಾನವಾಗಿದೆ, ಸ್ಟೋರೇಜ್ ಟ್ರಾಫಿಕ್ ನೋಡಲು ಯಾವ ಟೂಲ್ ಒಳ್ಳೆಯದು?

ನಿಮ್ಮದು ಕಾರವಾರದ ಆಫೀಸು. ಎರಡು ಲಿನಕ್ಸ್ ಸರ್ವರ್, ಐಸ್ಕಸಿ (ನೆಟ್‌ವರ್ಕ್ ಆಚೆಗಿನ ಡಿಸ್ಕನ್ನು ಸ್ವಂತದ್ದರ ಹಾಗೆ ಬಳಸುವ ವಿಧಾನ) ಮೇಲೆ ಒಂದು ನ್ಯಾಸ್, ಅಂದರೆ ನೆಟ್‌ವರ್ಕ್‌ಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆ. ಮಳೆ ಶುರುವಾದಾಗಿನಿಂದ ರಾತ್ರಿ ಬ್ಯಾಕಪ್ ಬೆಳಗಾದರೂ ಮುಗಿಯುತ್ತಿಲ್ಲ, ಮಾರಿದವರು ಹೊಸ ನ್ಯಾಸ್ ತಗೊಳ್ಳಿ ಅನ್ನುತ್ತಿದ್ದಾರೆ, ಅದಕ್ಕೆ ಮೊದಲು ನೆಟ್‌ವರ್ಕ್‌ನ ಪ್ಯಾಕೆಟ್‌ಗಳನ್ನು ಬಿಡಿಸಿ ತೋರಿಸುವ ವೈರ್‌ಶಾರ್ಕ್ ಹಾಕಿ ನೋಡಲೇ ಅಂತ ಕೇಳಿದ್ದೀರಿ. ಮಾರಾಯ್ರೇ, ದುಡ್ಡು ಸದ್ಯಕ್ಕೆ ಕೈಯಲ್ಲೇ ಇರಲಿ. ನಾನಿರುವುದು ಶಿರಸಿಯಲ್ಲಿ, ಇದೇ ಕೆಲಸ, ಘಟ್ಟ ಇಳಿದು ನಿಮ್ಮ ಕಡೆಗೂ ಬರುತ್ತಿರುತ್ತೇನೆ. ನ್ಯಾಸ್ ಹಾಳಾಗಿದೆ ಅಂತ ಕರೆದ ಕಡೆ ಹೋಗಿ ನೋಡಿದರೆ, ಎಷ್ಟೋ ಸಲ ಹಾಳಾಗಿದ್ದು ಸರ್ವರ್‌ಗೂ ನ್ಯಾಸ್‌ಗೂ ನಡುವಿನ ದಾರಿ.

ವೈರ್‌ಶಾರ್ಕ್ ಆಮೇಲೆ. ಮೊದಲು ಸರ್ವರ್‌ನಲ್ಲಿ ಡಿಸ್ಕಿನ ಓದು-ಬರಹದ ಲೆಕ್ಕ ಕೊಡುವ ಐಒಸ್ಟ್ಯಾಟ್ ಓಡಿಸಿ, ವಿವರ ತೋರಿಸುವ ಆಯ್ಕೆ ಹಾಕಿ, ಬರೆಯುವಾಗ ಎಷ್ಟು ಮಿಲಿಸೆಕೆಂಡ್ ಕಾಯುತ್ತಿದೆ ಅನ್ನುವ ಅಂಕಣ ನೋಡಿ. ಅದೇ ಹೊತ್ತಿಗೆ ನ್ಯಾಸ್‌ನ ಸ್ವಂತ ಪರದೆಯಲ್ಲಿ ಡಿಸ್ಕ್ ಎಷ್ಟು ದುಡಿಯುತ್ತಿದೆ ನೋಡಿ. ಸರ್ವರ್ ಕಾಯುತ್ತಾ ಕೂತಿದೆ, ನ್ಯಾಸ್‌ನ ಡಿಸ್ಕ್ ಸುಮ್ನೆ ಇದೆ ಅಂದರೆ ಹುಡುಕಬೇಕಾದ್ದು ದಾರಿಯಲ್ಲಿ.

ಆಮೇಲೆ ಈಥ್‌ಟೂಲ್, ನೆಟ್‌ವರ್ಕ್ ಕಾರ್ಡಿನ ಸ್ಥಿತಿ ತೋರಿಸುವ ಆಜ್ಞೆ. ಲಿಂಕ್ ಸೆಕೆಂಡಿಗೆ 1000 ಮೆಗಾಬಿಟ್‌ನಲ್ಲಿದೆಯೋ (ಅದೇ ಗಿಗಾಬಿಟ್) 100ಕ್ಕೆ ಇಳಿದಿದೆಯೋ, ಸಿಆರ್‌ಸಿ ದೋಷದ (ದಾರಿಯಲ್ಲಿ ಕೆಟ್ಟು ಬಂದ ಪ್ಯಾಕೆಟ್‌ಗಳ) ಲೆಕ್ಕ ಏರುತ್ತಿದೆಯೋ ಅಂತ ನೋಡಿ. ಒಂದೇ ಸಲ ನೋಡಿದರೆ ಏನೂ ಗೊತ್ತಾಗಲ್ಲ, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ ಎಷ್ಟು ಏರಿತು ಅಂತ ಬರೆದಿಡಿ. ನಿಮ್ಮೂರಲ್ಲಿ ಇದನ್ನು ಬಿಡಲೇಬಾರದು. ಬೈತಖೋಲ ಬಂದರಿನ ಹತ್ತಿರದ ಒಂದು ಆಫೀಸಿನಲ್ಲಿ ಕೇಬಲ್ ಕಿತ್ತು ಟಾರ್ಚ್ ಬಿಟ್ಟೆ, ಕನೆಕ್ಟರ್‌ನ ಎಂಟು ಪಿನ್‌ಗಳಲ್ಲಿ ಎರಡು ಹಸಿರುಗಟ್ಟಿದ್ದವು. ಉಪ್ಪುಗಾಳಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ಹಾಗಾಗಿ ಒಂದು ಜೋಡಿ ಕೆಟ್ಟರೂ ಎಷ್ಟೋ ಕಾರ್ಡುಗಳು ಗೊತ್ತಾಗದ ಹಾಗೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಆಗ ಸೆಕೆಂಡಿಗೆ 12 ಎಂಬಿಯ ಮೇಲೆ ಏನು ಮಾಡಿದರೂ ಬರಲ್ಲ. ಅಲ್ಲಿ ಕೇಬಲ್ ಬದಲಿಸಿದೆವು, ಅಷ್ಟೇ.

ಇನ್ನೊಂದು ಪ್ರಶ್ನೆ. ಮಳೆಗಾಲದ ಶುರುವಿನಲ್ಲಿ ಸಿಡಿಲಿಗೆ ಸ್ವಿಚ್ ಸುಟ್ಟು ಹೊಸದು ಹಾಕಿದ್ದೀರಾ? ಇಲ್ಲಿ ಶಿರಸಿಯಲ್ಲಿ ಅಡಿಕೆ ವ್ಯವಹಾರದ ಒಂದು ಆಫೀಸಿನಲ್ಲಿ ಹೀಗೇ ಆಗಿತ್ತು. ಮೇ ತಿಂಗಳ ಗುಡುಗಿಗೆ ಹಳೇ ಸ್ವಿಚ್ ಹೋಯಿತು, ಸಿಕ್ಕಿದ ಒಂದನ್ನು ತಂದು ಹಾಕಿದರು. ಪಿಂಗ್ (ಆ ಕಡೆ ಇದ್ದೀಯಾ ಅಂತ ಕೇಳುವ ಸಂದೇಶ) ಚೆನ್ನಾಗಿ ಹೋಗುತ್ತದೆ, ಲಾಗಿನ್ ಆಗುತ್ತದೆ, ಫೋಲ್ಡರ್ ಕಾಣುತ್ತದೆ. ದೊಡ್ಡ ಫೈಲ್ ಕಾಪಿ ಮಾಡಿದರೆ ಮಾತ್ರ ನಿಂತುಬಿಡುತ್ತದೆ. ಸರ್ವರ್ ಮತ್ತು ನ್ಯಾಸ್ ಎರಡರಲ್ಲೂ ಜಂಬೋ ಫ್ರೇಮ್ (ಮಾಮೂಲಿಗಿಂತ ದೊಡ್ಡ ಪ್ಯಾಕೆಟ್) ಇತ್ತು, ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, 9000 ಬೈಟ್. ಹೊಸ ಸ್ವಿಚ್ಚಿಗೆ 1500ರ ಮೇಲಿನದ್ದು ಬೇಡ, ಬಂದಿದ್ದನ್ನು ಯಾರಿಗೂ ಹೇಳದೆ ಬಿಸಾಡುತ್ತಿತ್ತು. ಸಾಮಾನ್ಯ ಪಿಂಗ್ ಚಿಕ್ಕದು, ಅದಕ್ಕೇ ಸಿಕ್ಕಿಬೀಳಲಿಲ್ಲ. ಪಿಂಗ್‌ಗೆ ತುಂಡು ಮಾಡಬಾರದು ಅನ್ನುವ ಆಯ್ಕೆ ಹಾಕಿ, ಗಾತ್ರ 8972 ಕೊಡಿ. ಹೆಡರ್‌ಗಳ 28 ಬೈಟ್ ಸೇರಿದರೆ ಸರಿಯಾಗಿ 9000 ಆಗುತ್ತದೆ. ಇದು ಹೋಗದೆ 1472 (28 ಸೇರಿದರೆ 1500) ಮಾತ್ರ ಹೋದರೆ ವಿಷಯ ಗೊತ್ತಾಯಿತಲ್ವಾ?

ಇಷ್ಟೆಲ್ಲ ನೋಡಿಯೂ ಸಿಗದಿದ್ದರೆ ಆಗ ಟಿಸಿಪಿಡಂಪ್ ಅನ್ನುವ ಆಜ್ಞೆಯಲ್ಲಿ ಪ್ಯಾಕೆಟ್‌ಗಳನ್ನು ಹಿಡಿದು ವೈರ್‌ಶಾರ್ಕ್‌ನಲ್ಲಿ ತೆರೆಯಿರಿ. ಐಸ್ಕಸಿಗೆ ಪೋರ್ಟ್ 3260, ಅದೊಂದನ್ನೇ ಹಿಡಿಯಿರಿ. (ಲಿನಕ್ಸ್ ಫೈಲ್ ಶೇರ್ ಎನ್‌ಎಫ್‌ಎಸ್ ಆದರೆ 2049, ವಿಂಡೋಸ್ ಶೇರ್ ಆದರೆ 445.) ಫೈಲನ್ನು ಸರ್ವರ್‌ನ ಸ್ವಂತ ಡಿಸ್ಕಿನಲ್ಲಿ ಉಳಿಸಿ, ನ್ಯಾಸ್ ಮೇಲೆ ಬೇಡವೇ ಬೇಡ. ಅಲ್ಲಿ ಉಳಿಸಿದರೆ ಆ ಬರವಣಿಗೆಯೂ ಟ್ರಾಫಿಕ್ ಆಗಿ, ಅದನ್ನೂ ಹಿಡಿದು, ಮತ್ತೆ ಬರೆದು, ಮುಗಿಯುವುದೇ ಇಲ್ಲ. ತುಂಬಿ ಹರಿಯುವ ಗಿಗಾಬಿಟ್ ಲಿಂಕ್ ಒಂದು ನಿಮಿಷಕ್ಕೆ ಸುಮಾರು 7 ಜಿಬಿ ತುಂಬುತ್ತದೆ, ಆದ್ದರಿಂದ ಪ್ಯಾಕೆಟ್‌ನ ಮೊದಲ 200 ಬೈಟ್ ಮಾತ್ರ ಇಟ್ಟುಕೊಂಡು, 100 ಎಂಬಿಯ ಹತ್ತು ಫೈಲ್ ಸುತ್ತಿ ಸುತ್ತಿ ಬರೆಯುವಂತೆ ಮಾಡಿ. ಸರ್ವರ್‌ನಲ್ಲೇ ಹಿಡಿದಾಗ 9000ಕ್ಕಿಂತ ದೊಡ್ಡ ಪ್ಯಾಕೆಟ್ ಕಂಡರೆ ಗಾಬರಿ ಬೇಡ. ತುಂಡು ಮಾಡುವ ಕೆಲಸ ನೆಟ್‌ವರ್ಕ್ ಕಾರ್ಡ್ ಮಾಡುತ್ತದೆ, ನೀವು ಅದಕ್ಕೂ ಮುಂಚಿನದ್ದನ್ನು ನೋಡುತ್ತಿರುತ್ತೀರಿ.

ಕಪ್ಪು ಹಿನ್ನೆಲೆಯಲ್ಲಿ ಕೆಂಪು ಅಕ್ಷರದ ಸಾಲುಗಳು ಬಂದರೆ ನಿಂತು ಓದಿ. ಆ ಅಡಿಕೆ ಆಫೀಸಿನ ಫೈಲಿನಲ್ಲಿ ಒಂದೇ ಸೀಕ್ವೆನ್ಸ್ ನಂಬರ್ (ಕಳಿಸಿದ ಡೇಟಾದ ಕ್ರಮಸಂಖ್ಯೆ) ಮತ್ತೆ ಮತ್ತೆ ಬರುತ್ತಿತ್ತು, ನಡುವಿನ ಅಂತರ 0.2 ಸೆಕೆಂಡ್, 0.4, 0.8 ಹೀಗೆ ದುಪ್ಪಟ್ಟಾಗುತ್ತಾ ಹೋಗಿತ್ತು. ಸರ್ವರ್ ಕಳಿಸುತ್ತಿದೆ, ಆ ಕಡೆ ಮುಟ್ಟುತ್ತಿಲ್ಲ. ಹೀಗೆ ಮತ್ತೆ ಮತ್ತೆ ಕಳಿಸುವುದು, ಅಂದರೆ ರೀಟ್ರಾನ್ಸ್‌ಮಿಶನ್, ಸಾಮಾನ್ಯವಾಗಿ ದಾರಿಯ ದೋಷ. ಅದರ ಬದಲು ನ್ಯಾಸ್ ಕಡೆಯಿಂದ ಝೀರೋ ವಿಂಡೋ ಬರುತ್ತಿದ್ದರೆ, ಜಾಗ ಇಲ್ಲ, ಸ್ವಲ್ಪ ನಿಲ್ಲು ಅಂತ ನ್ಯಾಸೇ ಹೇಳುತ್ತಿದೆ ಅಂತ ಅರ್ಥ. ಆಗ ಮಾರಿದವರ ಮಾತಿಗೆ ಕಿವಿ ಕೊಡಬಹುದು. ಎರಡೂ ಇಲ್ಲದಿದ್ದರೆ ಸ್ಟ್ಯಾಟಿಸ್ಟಿಕ್ಸ್ ಮೆನುವಿನ ಸರ್ವಿಸ್ ರೆಸ್ಪಾನ್ಸ್ ಟೈಮ್ ನೋಡಿ, ಒಂದೊಂದು ಆಜ್ಞೆಗೆ ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ತೋರಿಸುತ್ತದೆ. ಇದಕ್ಕೆ ಮಾತ್ರ 200 ಬೈಟ್ ಸಾಲದು, ಹತ್ತು ಸೆಕೆಂಡ್ ಪೂರ್ತಿ ಪ್ಯಾಕೆಟ್ ಹಿಡಿಯಿರಿ.

ಫೈಬರ್ ಚಾನೆಲ್ (ಸ್ಟೋರೇಜ್‌ಗೆಂದೇ ಇರುವ ಬೇರೆ ಬಗೆಯ ನೆಟ್‌ವರ್ಕ್) ಬಗ್ಗೆಯೂ ಒಂದು ಸಾಲು ಕೇಳಿದ್ದೀರಿ. ಅಲ್ಲಿ ಸ್ವಿಚ್‌ನ ಪೋರ್ಟ್ ದೋಷದ ಲೆಕ್ಕವನ್ನೂ ಬಫರ್ ಕ್ರೆಡಿಟ್ (ಇನ್ನಷ್ಟು ಕಳಿಸಲು ಆ ಕಡೆಯವರು ಕೊಟ್ಟ ಅನುಮತಿ) ಮುಗಿಯುತ್ತಿದೆಯಾ ಅನ್ನುವುದನ್ನೂ ನೋಡುತ್ತಾರೆ. ನಿಮ್ಮ ಆಫೀಸಿಗೆ ಸದ್ಯ ಅದು ಬೇಡ.

ಇವತ್ತು ರಾತ್ರಿ ಬ್ಯಾಕಪ್ ಓಡುವಾಗ ಈಥ್‌ಟೂಲ್ ಲೆಕ್ಕ ಎರಡು ಸಲ ತೆಗೆದು, 8972ರ ಪಿಂಗ್ ಒಂದು ಮಾಡಿ, ಸ್ವಿಚ್ ಮಾಡೆಲ್ ಜೊತೆ ಇಲ್ಲೇ ಕೆಳಗೆ ಹಾಕಿ. ಸ್ವಿಚ್ಚೇ ಅಂತ ಆದರೆ ಎರಡೂ ಕಡೆ ಎಂಟಿಯು 1500ಕ್ಕೆ ಇಳಿಸಿ ಐಸ್ಕಸಿ ಸೆಷನ್ ಮತ್ತೆ ಕೂಡಿಸಿದರೆ ಸಾಕು, ಸ್ವಿಚ್ ಬದಲಿಸುವುದನ್ನು ಆಮೇಲೆ ನೋಡೋಣ.