ಆರು ದಿನ ಅಂದರೆ ಆರೇ ದಿನವಾ?

ಪ್ರಶ್ನೆ: ನನ್ನ ಮಗಳು ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದಾಳೆ. ನಮ್ಮ ಸಭೆಯ ಯುವಜನರ ಕೂಟದಲ್ಲಿ, ಲೋಕ ಉಂಟಾಗಿ ಆರು ಸಾವಿರ ವರ್ಷ ಆಗಿದೆ, ಸತ್ಯವೇದದ (ಬೈಬಲ್) ಮೊದಲ ಪುಸ್ತಕ ಆದಿಕಾಂಡದಲ್ಲಿ ದೇವರು ಲೋಕವನ್ನು ಉಂಟುಮಾಡಿದ ಆರು ದಿನ ಅಂದರೆ 24 ಗಂಟೆಯ ಆರು ದಿನವೇ, ಇದನ್ನು ನಂಬದವರು ನಾಳೆ ಯೇಸುವಿನ ಪುನರುತ್ಥಾನವನ್ನೂ ನಂಬುವುದಿಲ್ಲ ಅಂತ ಹೇಳಿದರಂತೆ. ಆಮೇಲೆ ಅವಳು ಲಾಲ್‌ಬಾಗ್‌ಗೆ ಹೋಗಿ ಕೆಂಪೇಗೌಡರ ಗೋಪುರ ಇರುವ ಬಂಡೆಯ ಫಲಕ ಓದಿಕೊಂಡು ಬಂದಿದ್ದಾಳೆ. ಬಂಡೆಗೆ 300 ಕೋಟಿ ವರ್ಷವಂತೆ. ‘ಅಮ್ಮಾ, ಇಬ್ಬರಲ್ಲಿ ಸುಳ್ಳು ಹೇಳ್ತಿರೋದು ಯಾರು?’ ಅಂತ ಕೇಳುತ್ತಾಳೆ. ಏನು ಹೇಳಲಿ?
— ಒಬ್ಬ ತಾಯಿ, ಬೆಂಗಳೂರು

ಉತ್ತರ: ಸುಳ್ಳು ಯಾರೂ ಹೇಳುತ್ತಿಲ್ಲ ಅಮ್ಮ. ಲೆಕ್ಕ ಮಾತ್ರ ಒಬ್ಬರದು ತಪ್ಪಿದೆ, ಅದು ಬಂಡೆಯದಲ್ಲ.

ಮೊದಲು ಆ ಆರು ಸಾವಿರದ ವಿಷಯ. ಸತ್ಯವೇದದ ಯಾವ ಪುಟದಲ್ಲೂ ಲೋಕದ ವಯಸ್ಸು ಇಷ್ಟು ಅಂತ ಬರೆದಿಲ್ಲ, ಬೇಕಾದರೆ ಹುಡುಕಿ ನೋಡಿ. ಆದಿಕಾಂಡದ 5 ಮತ್ತು 11ನೇ ಅಧ್ಯಾಯದಲ್ಲಿ ಯಾರು ಎಷ್ಟನೇ ವಯಸ್ಸಿಗೆ ಯಾರನ್ನು ಪಡೆದ ಅನ್ನುವ ವಂಶಾವಳಿ ಇದೆ. ಅದನ್ನು ಕೂಡಿಸಿ, ಮುಂದೆ ಅರಸರ ಕಾಲದ ಲೆಕ್ಕವನ್ನೂ ಸೇರಿಸಿ ತೆಗೆದ ಸಂಖ್ಯೆ ಅದು. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಶರ್ 1650ರಲ್ಲಿ ಕ್ರಿ.ಪೂ. 4004, ಅಕ್ಟೋಬರ್ 23 ಅಂತ ತಾರೀಖು ಸಮೇತ ಹೇಳಿಬಿಟ್ಟರು. 1701ರಿಂದ ಇಂಗ್ಲಿಷ್ ಬೈಬಲ್‌ಗಳ ಅಂಚಿನಲ್ಲಿ ಈ ಇಸವಿ ಅಚ್ಚಾಗತೊಡಗಿತು, ಓದುವವರಿಗೆ ಅಂಚಿನದು ಯಾವುದು ವಾಕ್ಯ ಯಾವುದು ಅನ್ನುವುದೇ ಮರೆತುಹೋಯಿತು. ಇಂಥದ್ದೇ ಲೆಕ್ಕ ಹಾಕಿ ಯೆಹೂದ್ಯರ ಪಂಚಾಂಗ ಕ್ರಿ.ಪೂ. 3761 ಅನ್ನುತ್ತದೆ. ಹಳೆಯ ಗ್ರೀಕ್ ಅನುವಾದದಲ್ಲಿ ಆ ವಯಸ್ಸುಗಳೇ ಬೇರೆ ಇರುವುದರಿಂದ ಪೂರ್ವ ರೋಮನ್ ಸಾಮ್ರಾಜ್ಯದ ಬೈಜಾಂಟಿಯಂನವರು ಕ್ರಿ.ಪೂ. 5509 ಅಂದರು. ಮೂರು ಕಡೆಯವರೂ ಬರೆದದ್ದನ್ನು ಬರೆದ ಹಾಗೇ ಓದಿದವರು!

ಇನ್ನು ದಿನದ ವಿಷಯ. ಮಗಳ ಜೊತೆ ಕೂತು ಮೊದಲನೇ ಅಧ್ಯಾಯವನ್ನು ಒಂದು ಸಲ ನಿಧಾನಕ್ಕೆ ಓದಿ. ಸೂರ್ಯ ಬರುವುದು ನಾಲ್ಕನೇ ದಿನ. ಹಾಗಾದರೆ ಮೊದಲ ಮೂರು ದಿನ ಸಾಯಂಕಾಲ, ಪ್ರಾತಃಕಾಲ ಆಗಿದ್ದು ಹೇಗೆ? ಇದು ಡಾರ್ವಿನ್ ಬಂದ ಮೇಲೆ ಹುಟ್ಟಿದ ತಕರಾರು ಅಂತ ತುಂಬಾ ಜನ ತಿಳಿದಿದ್ದಾರೆ. ಮೂರನೇ ಶತಮಾನದಲ್ಲೇ ಕ್ರೈಸ್ತ ಪಂಡಿತ ಓರಿಗೆನ್ ಇದನ್ನು ಕೇಳಿದ್ದ. ಬುದ್ಧಿ ಇರುವ ಯಾರು ತಾನೇ ಸೂರ್ಯ ಚಂದ್ರರಿಲ್ಲದೆ ದಿನ ಆಯಿತು ಅಂತ, ದೇವರು ರೈತನ ಹಾಗೆ ತೋಟದಲ್ಲಿ ಗಿಡ ನೆಟ್ಟ ಅಂತ ಅಕ್ಷರಕ್ಕೆ ಅಕ್ಷರ ನಂಬುತ್ತಾರೆ ಅನ್ನುವುದು ಅವನ ಮಾತಿನ ಸಾರ. ಐದನೇ ಶತಮಾನದ ಶುರುವಿನಲ್ಲಿ ಬಿಷಪ್ ಅಗಸ್ಟೀನ್ ಆದಿಕಾಂಡದ ಅಕ್ಷರಾರ್ಥದ ಮೇಲೆ 12 ಭಾಗಗಳ ಪುಸ್ತಕ ಬರೆದ, ಕೊನೆಗೆ ದೇವರು ಎಲ್ಲವನ್ನೂ ಒಂದೇ ಕ್ಷಣದಲ್ಲಿ ಉಂಟುಮಾಡಿದ, ಆರು ದಿನ ನಮಗೆ ಅರ್ಥವಾಗಲಿ ಅಂತ ಇರುವ ಕ್ರಮ ಅನ್ನುವ ಕಡೆಗೆ ಬಂದ. ಹಾಗಂತ ಅಗಸ್ಟೀನ್ ಪೂರ್ತಿ ನಮ್ಮ ಪಾರ್ಟಿ ಅಂದುಕೊಳ್ಳಬೇಡಿ, ಲೋಕಕ್ಕೆ ಆರು ಸಾವಿರ ವರ್ಷವೂ ತುಂಬಿಲ್ಲ ಅಂತಲೇ ಅವನೂ ನಂಬಿದ್ದ. ಅವನಿಗಿಂತ ಸ್ವಲ್ಪ ಮುಂಚೆ ಇದ್ದ ಇನ್ನೊಬ್ಬ ಬಿಷಪ್ ಬೆಸಿಲ್, ಹುಲ್ಲು ಅಂದರೆ ಹುಲ್ಲು, ಮೀನು ಅಂದರೆ ಮೀನು ಅಂತ ನೇರವಾಗಿ ಓದಿದ. ಅಂದರೆ ಈ ಜಗಳಕ್ಕೆ ವಯಸ್ಸಾಗಿದೆ. ಎರಡೂ ಕಡೆ ಭಕ್ತರೇ ಇದ್ದರು, ಯಾರ ಪುನರುತ್ಥಾನದ ನಂಬಿಕೆಯೂ ಇದರಿಂದ ಅಲ್ಲಾಡಲಿಲ್ಲ.

ಒಂದು ಹಾಳೆ ತಗೊಂಡು ಎಡಗಡೆ ಒಂದು, ಎರಡು, ಮೂರು ಅಂತ ಬರೆಯಲು ಹೇಳಿ, ಅದರ ಎದುರಿಗೆ ನಾಲ್ಕು, ಐದು, ಆರು. ಒಂದನೇ ದಿನ ಬೆಳಕು, ಎದುರಿಗೆ ನಾಲ್ಕನೇ ದಿನ ಸೂರ್ಯ ಚಂದ್ರ ನಕ್ಷತ್ರ. ಎರಡನೇ ದಿನ ಆಕಾಶ ಮತ್ತು ನೀರು, ಎದುರಿಗೆ ಹಕ್ಕಿ ಮತ್ತು ಮೀನು. ಮೂರನೇ ದಿನ ಒಣನೆಲ, ಎದುರಿಗೆ ಪ್ರಾಣಿಗಳು, ಮನುಷ್ಯರು. ಮೊದಲು ಮನೆ, ಆಮೇಲೆ ಮನೆಯವರು. ಇಷ್ಟು ಅಚ್ಚುಕಟ್ಟಾಗಿ ಜೋಡಿಸಿದವನು ಡೈರಿ ಬರೆಯುತ್ತಿರಲಿಲ್ಲ, ಅಲ್ವಾ? ಹಾಗೇ ಎರಡನೇ ಅಧ್ಯಾಯಕ್ಕೆ ಬನ್ನಿ. ಅಲ್ಲಿ ಮೊದಲು ಮನುಷ್ಯ, ಆಮೇಲೆ ತೋಟ, ಆಮೇಲೆ ಪ್ರಾಣಿಗಳು, ಕೊನೆಗೆ ಸ್ತ್ರೀ. ಇಲ್ಲಿ ಪ್ರಾಣಿಗಳನ್ನು ‘ಮೊದಲೇ ನಿರ್ಮಿಸಿದ್ದ’ ಅಂತ ಓದಬೇಕು ಅಂತ ಅಕ್ಷರಶಃ ಓದುವವರು ಸರಿ ಮಾಡಿಕೊಳ್ಳುತ್ತಾರೆ. ಮಾಡಿಕೊಳ್ಳಲಿ, ಆದರೆ ಅಲ್ಲಿಗೆ ಅವರೂ ಹೊಂದಿಸಿ ಓದಿದ ಹಾಗಾಯಿತು.

ಅವರ ಕಡೆ ನ್ಯಾಯವೇ ಇಲ್ಲ ಅಂತಲ್ಲ. ವಿಮೋಚನಕಾಂಡ 20ರಲ್ಲಿ ಸಬ್ಬತ್, ಅಂದರೆ ವಾರದ ವಿಶ್ರಾಂತಿ ದಿನ, ಆಚರಿಸಿ ಅನ್ನುವುದಕ್ಕೆ ಕೊಡುವ ಕಾರಣವೇ ದೇವರು ಆರು ದಿನ ಕೆಲಸ ಮಾಡಿ ಏಳನೇ ದಿನ ವಿಶ್ರಮಿಸಿದ ಅಂತ. ವಾರದ ದಿನಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಅದು. ಹಾಗಾಗಿ ‘ಒಂದು ದಿನ ಅಂದರೆ ಕೋಟ್ಯಂತರ ವರ್ಷ’ ಅಂತ ಎಳೆದು ವಿಜ್ಞಾನಕ್ಕೆ ಹೊಂದಿಸುವವರ ಮಾತು ನನಗೆ ಒಪ್ಪಿಗೆ ಇಲ್ಲ. ಎಳೆದರೂ ಹೊಂದುವುದಿಲ್ಲ. ಹಣ್ಣಿನ ಮರ ಮೂರನೇ ದಿನ, ಸೂರ್ಯ ನಾಲ್ಕನೇ ದಿನ. ಹಕ್ಕಿ ಐದನೇ ದಿನ, ನೆಲದ ಪ್ರಾಣಿ ಆರನೇ ದಿನ. ಪಳೆಯುಳಿಕೆಗಳು ಈ ಕ್ರಮವನ್ನು ಹೇಳುವುದಿಲ್ಲ. 24 ಗಂಟೆ ಅನ್ನುವವರೂ ಕೋಟಿ ವರ್ಷ ಅನ್ನುವವರೂ ಇಲ್ಲಿ ಭೂವಿಜ್ಞಾನದ ಪಾಠವನ್ನೇ ಹುಡುಕುತ್ತಿದ್ದಾರೆ. ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಆದಿಕಾಂಡದ ಮೇಲಿನ ತನ್ನ 1554ರ ವ್ಯಾಖ್ಯಾನದಲ್ಲಿ ಇದನ್ನು ಚೆನ್ನಾಗಿ ನಿಭಾಯಿಸಿದ್ದಾನೆ. ಚಂದ್ರನನ್ನು ದೊಡ್ಡ ಬೆಳಕು ಅಂದಿದೆ, ಆದರೆ ಶನಿಗ್ರಹ ಚಂದ್ರನಿಗಿಂತ ದೊಡ್ಡದು ಅಂತ ಖಗೋಳ ತಿಳಿದವರು ತೋರಿಸಿದ್ದಾರೆ, ಮೋಶೆ ಬರೆದದ್ದು ಸಾಮಾನ್ಯ ಜನರ ಕಣ್ಣಿಗೆ ಕಾಣುವ ಹಾಗೆ, ಅಂತ ಹೇಳಿ ಸುಮ್ನೆ ಮುಂದಕ್ಕೆ ಹೋಗುತ್ತಾನೆ.

ನಿಜವಾಗಿ ಕಷ್ಟ ಇರುವುದು ದಿನದಲ್ಲಲ್ಲ, ಆದಾಮನಲ್ಲಿ. ಒಬ್ಬ ಮನುಷ್ಯನಿಂದ ಪಾಪ, ಪಾಪದಿಂದ ಮರಣ ಅಂತ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಹೇಳುತ್ತಾನೆ, ಕ್ರಿಸ್ತನನ್ನು ಆ ಆದಾಮನ ಎದುರಿಗೆ ನಿಲ್ಲಿಸುತ್ತಾನೆ. ಆದಾಮ ಬರೀ ಸಂಕೇತವಾದರೆ ಈ ಮಾತಿನ ಗತಿ ಏನು? ಕಥೋಲಿಕ ಸಭೆಯಲ್ಲಿ 1950ರಲ್ಲಿ ಪೋಪ್ 12ನೇ ಪಯಸ್, ಮನುಷ್ಯನ ದೇಹ ವಿಕಾಸದಿಂದ ಬಂತೇ ಅಂತ ವಿದ್ವಾಂಸರು ಚರ್ಚೆ ಮಾಡಬಹುದು ಅಂತ ಬಿಟ್ಟುಕೊಟ್ಟರು. ಆದರೆ ಆದಾಮ ಅಂದರೆ ಹಲವು ಜನ ಅನ್ನುವುದನ್ನು ಒಪ್ಪಲಿಲ್ಲ. ಪ್ರೊಟೆಸ್ಟೆಂಟ್ ವಿದ್ವಾಂಸರಲ್ಲಿ ಇದು ಇವತ್ತಿಗೂ ಒಡೆದ ಮನೆ. ಮಗಳು ಇದನ್ನು ಕೇಳಿದರೆ, ‘ಇದು ನಿಜವಾಗಲೂ ಕಷ್ಟದ ಪ್ರಶ್ನೆ’ ಅಂತ ಹೇಳಿಬಿಡಿ. ಹೇಗೋ ಸಾಗಹಾಕಿದರೆ ಆ ವಯಸ್ಸಿನವರಿಗೆ ತಕ್ಷಣ ಗೊತ್ತಾಗುತ್ತದೆ.

ಕೂಟದಲ್ಲಿ ಹೇಳಿದವರ ಮೇಲೆ ಸಿಟ್ಟಾಗಬೇಡಿ. ‘ಆರು ಸಾವಿರ ಇಲ್ಲದಿದ್ದರೆ ಏನೂ ಇಲ್ಲ’ ಅನ್ನುವ ಈಗಿನ ಜೋರು ಹೆಚ್ಚಾಗಿ ಅಮೆರಿಕದ್ದು. 1961ರಲ್ಲಿ ಒಬ್ಬ ಬೈಬಲ್ ಪಂಡಿತರೂ ಒಬ್ಬ ಜಲ ಇಂಜಿನಿಯರೂ ಸೇರಿ ನೋಹನ ಜಲಪ್ರಳಯದ ಮೇಲೆ ಬರೆದ ಪುಸ್ತಕದಿಂದ ಇದು ಹಬ್ಬಿತು. ಅದಕ್ಕೂ ಮುಂಚೆ, 1925ರಲ್ಲಿ ಟೆನೆಸಿಯ ಡೇಟನ್ ಊರಿನಲ್ಲಿ ವಿಕಾಸವಾದ ಪಾಠ ಮಾಡಿದ ಮೇಷ್ಟ್ರ ಮೇಲೆ ಕೇಸು ನಡೆದಾಗ, ಬೈಬಲ್ ಪರ ನಿಂತಿದ್ದ ವಿಲಿಯಂ ಜೆನಿಂಗ್ಸ್ ಬ್ರಯನ್ ಕಟಕಟೆಯಲ್ಲಿ ಕೂತು, ಆ ದಿನಗಳು 24 ಗಂಟೆಯವೇ ಆಗಬೇಕಾಗಿಲ್ಲ ಅಂತ ತಾವೇ ಒಪ್ಪಿಕೊಂಡಿದ್ದರು. ಈಗ ನಮ್ಮ ಕೂಟಗಳಲ್ಲಿ ಅವರಿಗೆ ಮೈಕು ಸಿಗುವುದು ಅನುಮಾನ.

ಪ್ರಶ್ನೆ: ‘ಬೆಳಕಾಗಲಿ’ ಅಂದದ್ದೇ ಬಿಗ್ ಬ್ಯಾಂಗ್ ಅಲ್ವಾ ಸರ್? ಸತ್ಯವೇದ ಮೊದಲೇ ಹೇಳಿತ್ತು ಅಂತ ವಾಟ್ಸ್ಯಾಪ್‌ನಲ್ಲಿ ಬಂದಿದೆ.
— ಓದುಗರು, ಶಿವಮೊಗ್ಗ

ಉತ್ತರ: ಅಲ್ಲ. ವಿಶ್ವ ಹಿಗ್ಗುತ್ತಾ ಬಂದಿದೆ ಅನ್ನುವ ಆ ಸಿದ್ಧಾಂತಕ್ಕೆ ಅಡಿಪಾಯ ಹಾಕಿದವರು ಬೆಲ್ಜಿಯಂನ ಒಬ್ಬ ಪಾದ್ರಿ, ಜಾರ್ಜ್ ಲೆಮೈತ್ರ್. 1951ರಲ್ಲಿ ಪೋಪ್ ಒಂದು ಭಾಷಣದಲ್ಲಿ ಈ ಎರಡನ್ನೂ ಹತ್ತಿರ ತಂದಾಗ ಲೆಮೈತ್ರ್ ಅವರಿಗೆ ಹಿಡಿಸಲಿಲ್ಲ. ನನ್ನ ಸಿದ್ಧಾಂತಕ್ಕೂ ಧರ್ಮದ ಪ್ರಶ್ನೆಗೂ ಸಂಬಂಧ ಇಲ್ಲ ಅನ್ನುವುದು ಅವರ ನಿಲುವು. ಪಾದ್ರಿಗೇ ಬೇಡವಾದದ್ದು ಫಾರ್ವರ್ಡ್ ಮಾಡುವವರಿಗೆ ಬೇಕಾಗಿದೆ.

ಪ್ರಶ್ನೆ: ಕಾಯಿನನಿಗೆ ಹೆಂಡತಿ ಎಲ್ಲಿಂದ ಬಂದಳು?
— ಓದುಗರು, ಹುಬ್ಬಳ್ಳಿ

ಉತ್ತರ: ಹಳಬರ ಉತ್ತರ, ತಂಗಿ. ಕಾಯಿನನ ಅಪ್ಪ ಆದಾಮನಿಗೆ ಬೇರೆ ಗಂಡು ಹೆಣ್ಣು ಮಕ್ಕಳೂ ಇದ್ದರು ಅಂತ ಆದಿಕಾಂಡ 5:4ರಲ್ಲಿದೆ. ಆದರೆ ಅದಕ್ಕೂ ಮುಂಚಿನ ಅಧ್ಯಾಯದಲ್ಲಿ, ತಮ್ಮನನ್ನು ಕೊಂದ ಕಾಯಿನ, ಕಂಡವರೆಲ್ಲ ತನ್ನನ್ನು ಕೊಲ್ಲುತ್ತಾರೆ ಅಂತ ಹೆದರುತ್ತಾನೆ, ಊರನ್ನೂ ಕಟ್ಟುತ್ತಾನೆ. ಆ ಜನರೆಲ್ಲ ಯಾರು ಅಂತ ಕಥೆ ಹೇಳುವವನು ತಲೆ ಕೆಡಿಸಿಕೊಂಡಿಲ್ಲ. ಡೇಟನ್ ಕೋರ್ಟಿನಲ್ಲಿ ಬ್ರಯನ್ ಅವರಿಗೂ ಇದೇ ಪ್ರಶ್ನೆ ಬಿತ್ತು. ಅವಳನ್ನು ಹುಡುಕುವ ಕೆಲಸ ದೇವರಿದ್ದಾನೋ ಇಲ್ಲವೋ ಅನ್ನುವವರಿಗೇ ಬಿಟ್ಟಿದ್ದೇನೆ ಅಂದರು.